ಕಾಂಟೆಸಾದ ಶಾಫ್ಟು, ಕ್ರಾಸ್ ಮೆಂಬರು: ಹಾಕಿ ನೋಡಿದ್ದರಲ್ಲಿ ಯಾವುದು ಉಳಿಯಿತು

ಹಳೆ ಕಾಂಟೆಸಾ ಕಾರಿಗೆ ಹೊಸ ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಬಲ ಒಯ್ಯುವ, ತಿರುಗುವ ಉದ್ದ ಪೈಪು) ಹಾಕಿಸಲು ಹೊರಟವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಗೇರ್ ಬಾಕ್ಸಿನ ಬಾಲವನ್ನು (ಹಿಂದಿನ ತುದಿಯನ್ನು) ಹೊತ್ತಿರುವ ಅಡ್ಡಪಟ್ಟಿ, ಅಂದರೆ ಕ್ರಾಸ್ ಮೆಂಬರ್ ಸರಿಯಿಲ್ಲದಿದ್ದರೆ ಶಾಫ್ಟಿಗೆ ಸುರಿದ ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಹೆಚ್ಚಿನವರು ಶಾಫ್ಟಿನ ಬಗ್ಗೆಯೇ ಕೇಳುತ್ತಾರೆ. ಕ್ರಾಸ್ ಮೆಂಬರ್ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಎರಡರಲ್ಲೂ ಬೇರೆ ಬೇರೆ ಬಗೆ ಹಾಕಿಸಿ, ಓಡಿಸಿ, ಬಿಚ್ಚಿಸಿ ನೋಡಿದ್ದೇನೆ.

ಕಾಂಟೆಸಾವನ್ನು ಸ್ಪೋರ್ಟ್ಸ್ ಕಾರು ಅಂದರೆ ನಗುವವರಿದ್ದಾರೆ. ಇರಲಿ. ಬ್ರಿಟನ್ನಿನ ವಾಕ್ಸಾಲ್ ವಿಕ್ಟರಿನ ಮೈಕಟ್ಟು, ಉದ್ದ ಬಾನೆಟ್, ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ. ನಮ್ಮ ಕಡೆಯ ಹುಡುಗರಿಗೆ ಆಗ ಇದಕ್ಕಿಂತ ದೊಡ್ಡ ಕನಸು ಇರಲಿಲ್ಲ. ಹಿಂದೂಸ್ಥಾನ್ ಮೋಟರ್ಸ್ ಇದನ್ನು 1984ರಿಂದ 2002ರವರೆಗೆ ಮಾಡಿತು. ಮೊದಲು ಬಂದವುಗಳಿಗೆ ಅಂಬಾಸಿಡರಿನದೇ 1489 ಸಿಸಿ ಎಂಜಿನ್. ಎಂಜಿ ಕಂಪೆನಿಯ ಎಂಜಿಎ ಸ್ಪೋರ್ಟ್ಸ್ ಕಾರಿಗೂ 1955ರಲ್ಲಿ ಇದೇ ಬಿ-ಸೀರೀಸ್ ಕುಲದ ಎಂಜಿನ್ ಕೂರಿಸಿದ್ದರು. ಆದರೆ ಇಷ್ಟು ತೂಕದ ಕಾಂಟೆಸಾವನ್ನು ಎಳೆಯಲು ಅದಕ್ಕೆ ದಮ್ಮು ಸಾಲುತ್ತಿರಲಿಲ್ಲ. ಆಮೇಲೆ ಇಸುಜುವಿನ 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂತು, ಐದು ಗೇರೂ ಬಂತು.

ನನ್ನದು ಮೊದಲಿನ ಬಗೆಯದು. ಹಿಂದಿನ ಮಾಲೀಕರೇ ಇಸುಜು ಎಂಜಿನ್, ಐದು ಗೇರಿನ ಬಾಕ್ಸ್ ಕೂರಿಸಿ ಆರ್‌ಸಿಗೂ ಏರಿಸಿದ್ದರು. (ಇದನ್ನು ಕೇಳದೆ ಇಂಥ ಕಾರು ಕೊಳ್ಳಲೇಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಇದಕ್ಕೆ.) ಕಾಗದ ಸರಿಯಿತ್ತು, ಕೆಳಗಿನ ಕೆಲಸ ಮಾತ್ರ ಅರ್ಧಂಬರ್ಧ. ಹೊಸ ಗೇರ್ ಬಾಕ್ಸಿನ ಮೌಂಟಿಂಗ್ (ಬಾಲ ಕೂರುವ ಆಸರೆ) ಹಳೆ ಜಾಗಕ್ಕಿಂತ ಹಿಂದೆ ಬಂದಿತ್ತು. ಅಲ್ಲಿಗೆ ಯಾರೋ ಒಂದು ಸಿ-ಚಾನೆಲ್ (ಸಿ ಆಕಾರದ ಕಬ್ಬಿಣದ ಪಟ್ಟಿ) ಬೆಸೆದು, ಮೇಲೆ ಲಾರಿಯ ರಬ್ಬರ್ ತುಂಡು ಇಟ್ಟು ಕೈತೊಳೆದುಕೊಂಡಿದ್ದರು. ಶಾಫ್ಟನ್ನು ಕತ್ತರಿಸಿ, ಎರಡಿಂಚಿನ ಪೈಪು ಹಾಕಿ ಜೋಡಿಸಿದ್ದರು. ಎಂಬತ್ತು ದಾಟಿದರೆ ಹಿಂದಿನ ಕನ್ನಡಿಯಲ್ಲಿ ಬರುವ ಲಾರಿ ಎರಡೆರಡಾಗಿ ಕಾಣುತ್ತಿತ್ತು.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನ ಗಾಡಿ ನೋಡುವ ಮೆಕ್ಯಾನಿಕ್ ಇಚ್ಚ (ಅಣ್ಣ) ಒಬ್ಬರಿದ್ದಾರೆ. ಕಾರನ್ನು ಎತ್ತಿಸಿ, ಟಾರ್ಚು ಹಾಕಿ ಸ್ವಲ್ಪ ಹೊತ್ತು ಸುಮ್ನೆ ನೋಡಿದರು. "ಶಾಫ್ಟು ಆಮೇಲೆ ಮಾಸ್ಟ್ರೇ. ಮೊದಲು ಇದರ ಬಾಲ ಎತ್ತ ನೋಡ್ತಾ ಇದೆ ನೋಡಿ ಮಾರಾಯ್ರೆ" ಅಂದರು.

ಅಯಸ್ಕಾಂತ ಇರುವ ಡಿಜಿಟಲ್ ಆಂಗಲ್ ಗೇಜ್ ಪುಟ್ಟ ಡಬ್ಬಿಯಷ್ಟೇ ಇರುತ್ತದೆ. ಅದನ್ನು ಗೇರ್ ಬಾಕ್ಸಿನ ಹಿಂದೆ ಹಿಡಿದರೆ ಬಾಲ ನಾಲ್ಕೂವರೆ ಡಿಗ್ರಿ ಕೆಳಗೆ ವಾಲಿತ್ತು. ಹಿಂದೆ ಪಿನಿಯನ್ ಫ್ಲಾಂಜ್ (ಆಕ್ಸಲಿಗೆ ಶಾಫ್ಟ್ ಸೇರುವ ಬಿಲ್ಲೆ) ಎರಡೇ ಡಿಗ್ರಿ. ಇವೆರಡೂ ಒಂದಕ್ಕೊಂದು ಸಮಾನಾಂತರ ಇರಬೇಕು, ವ್ಯತ್ಯಾಸ ಒಂದು ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು. ಯಾಕೆಂದರೆ ಓರೆಯಾಗಿ ತಿರುಗುವ ಯುಜೆ ಕ್ರಾಸ್ (ಶಾಫ್ಟಿನ ತುದಿಗಳಲ್ಲಿರುವ ಯುನಿವರ್ಸಲ್ ಜಾಯಿಂಟಿನ ನಾಲ್ಕು ಕಾಲಿನ ತುಂಡು; ಮುಂದೆ ಬರೀ ಕ್ರಾಸ್ ಅಂದರೆ ಇದೇ) ಒಂದೇ ಸಮ ತಿರುಗಿಸುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚುತ್ತದೆ, ಎರಡು ಸಲ ತಗ್ಗುತ್ತದೆ. ಮುಂದಿನ ಕ್ರಾಸ್ ಮಾಡಿದ ಈ ಏರಿಳಿತವನ್ನು ಹಿಂದಿನ ಕ್ರಾಸ್ ಅಳಿಸಿಹಾಕಬೇಕು. ಎರಡೂ ಕೋನ ಸಮ ಇದ್ದು, ಶಾಫ್ಟಿನ ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿದಿರುವ ಕವೆ) ಒಂದೇ ನೇರದಲ್ಲಿ ಇದ್ದರೆ ಮಾತ್ರ ಅದು ಆಗುತ್ತದೆ. ಇಲ್ಲದಿದ್ದರೆ ಎಷ್ಟೇ ಚೆನ್ನಾಗಿ ಬ್ಯಾಲೆನ್ಸ್ ಮಾಡಿಸಿದ ಶಾಫ್ಟ್ ಹಾಕಿದರೂ ನಡುಕ ಹೋಗದು.

ಈ ನಡುಕ ಕೋನದ್ದೋ ಬ್ಯಾಲೆನ್ಸಿನದ್ದೋ ಎಂದು ಸೀಟಿನಲ್ಲಿ ಕೂತೇ ಬಹುಮಟ್ಟಿಗೆ ಹೇಳಬಹುದು. ಒಂದೇ ವೇಗದಲ್ಲಿ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿ. ಒತ್ತಿದಾಗ ಒಂದು ತರಹ, ಬಿಟ್ಟಾಗ ಇನ್ನೊಂದು ತರಹ ಆದರೆ ಕೋನದ ಮೇಲೆ ಅನುಮಾನ ಇಡಿ. ಏನು ಮಾಡಿದರೂ ಒಂದೇ ತರಹ, ವೇಗದ ಜತೆ ಮಾತ್ರ ಜಾಸ್ತಿ ಆಗುತ್ತಿದ್ದರೆ ಬ್ಯಾಲೆನ್ಸ್. ಕ್ಲಚ್ ಒತ್ತಿ ಕಾರು ತೇಲಿಬಿಟ್ಟಾಗಲೂ ನಡುಗಿದರೆ ಎಂಜಿನ್ ಪಾಪದ್ದು, ಅದನ್ನು ಬಿಟ್ಟುಬಿಡಿ.

ಕ್ರಾಸ್ ಮೆಂಬರಿನಲ್ಲಿ ನನ್ನ ಮುಂದೆ ಇದ್ದದ್ದು ಮೂರು ದಾರಿ. ಬೆಸೆದಿದ್ದ ಚಾನೆಲ್ಲನ್ನೇ ರಿಪೇರಿ ಮಾಡುವುದು, ಗುಜರಿಯಿಂದ ಕಂಪೆನಿಯದೇ ಹಳೆ ತುಂಡು ತರುವುದು, ಹೊಸದಾಗಿ ಮಾಡಿಸುವುದು.

ಚಾನೆಲ್ಲಿನ ಗಟ್ಟಿತನಕ್ಕೆ ಏನೂ ಕೊರತೆ ಇರಲಿಲ್ಲ. ಅದರ ತೊಂದರೆಯೇ ಅದು. ಬೆಸೆದುಬಿಟ್ಟರೆ ಕ್ಲಚ್ ಪ್ಲೇಟ್ ಬದಲಿಸಲು ಗೇರ್ ಬಾಕ್ಸ್ ಇಳಿಸುವಾಗ ಗ್ರೈಂಡರ್ ತೆಗೆದುಕೊಳ್ಳಬೇಕು. ಇನ್ನೂ ಒಂದಿದೆ. ಮುಂದೆ ಎಂಜಿನ್ ಮೆತ್ತನೆ ರಬ್ಬರಿನ ಮೇಲೆ ಕೂತಿದೆ, ಗ್ಯಾಸ್ ಕೊಟ್ಟಾಗ ಓಲುತ್ತದೆ. ಹಿಂದೆ ಬಾಲವನ್ನು ಮಿಸುಕದ ಹಾಗೆ ಕಟ್ಟಿದರೆ ಆ ತಿರುಚುವಿಕೆ ಎಲ್ಲ ಗೇರ್ ಬಾಕ್ಸಿನ ಅಲ್ಯೂಮಿನಿಯಂ ಮೈಗೆ ಬೀಳುತ್ತದೆ. ಬಾಲದ ಹೌಸಿಂಗ್ ಸೀಳುವುದು ಹೀಗೆಯೇ. ರೇಸಿನವರು ಗಟ್ಟಿ ಮೌಂಟಿಂಗ್ ಹಾಕುವಾಗ ಎಂಜಿನ್ನಿಗೂ ಗಟ್ಟಿಯದೇ ಹಾಕುತ್ತಾರೆ. ಅರ್ಧ ಕದ್ದರೆ ಆಗುವುದಿಲ್ಲ.

ಗುಜರಿಯ ತುಂಡು ನೋಡಲು ಚೆಂದ. ಪ್ರೆಸ್ ಮಾಡಿದ ತಗಡು, ಹಗುರ, ಸೈಲೆನ್ಸರ್ ಪೈಪಿಗೆ ಬೇಕಾದ ಬಾಗು ಇದೆ, ಬೋಲ್ಟು ಬಿಚ್ಚಿದರೆ ಕೈಗೆ ಬರುತ್ತದೆ. ನಿಮ್ಮದು ಹಳೆ ನಾಲ್ಕು ಗೇರಿನ ಬಾಕ್ಸೇ ಆಗಿದ್ದರೆ ಕಣ್ಣುಮುಚ್ಚಿ ಇದನ್ನೇ ಹಾಕಿ, ಹೊಸ ರಬ್ಬರ್ ಕೊಡಿ, ಮುಂದಕ್ಕೆ ಓದಬೇಕಾಗಿಯೂ ಇಲ್ಲ. ನನ್ನದಕ್ಕೆ ಅದು ಎಟುಕಲಿಲ್ಲ. ಹಿಂದಕ್ಕೆ ಒಂದು ಪಟ್ಟಿ ಚಾಚಿ ಅದರ ತುದಿಗೆ ಮೌಂಟಿಂಗ್ ಕೂರಿಸಿ ಓಡಿಸಿದೆವು. ಮುಳ್ಳೇರಿಯಾದಿಂದ ಜಾಲ್ಸೂರಿನ ಕಡೆಗೆ ಹೋಗುವ ಏರು ತಿರುವುಗಳಲ್ಲಿ ಎರಡನೇ ಗೇರಿಗೆ ಇಳಿಸಿ ಒತ್ತಿದಾಗ ಪಟ್ಟಿ ಬಗ್ಗಿ ಗೇರ್ ಲಿವರ್ ಕೈಯಲ್ಲೇ ಕುಣಿಯುತ್ತಿತ್ತು. ತೆಳು ತಗಡಿಗೆ ಆ ಸನ್ನೆಕೋಲಿನ ಭಾರ ತಡೆಯದು. ಕರಾವಳಿಯ ತುಕ್ಕು ಸಾಲದ್ದಕ್ಕೆ ಇದ್ದೇ ಇದೆ, ಬೋಲ್ಟ್ ತೂತಿನ ಸುತ್ತ ಸ್ಕ್ರೂಡ್ರೈವರ್ ಚುಚ್ಚಿ ನೋಡದೆ ಗುಜರಿ ಮಾಲಿಗೆ ದುಡ್ಡು ಕೊಡಬೇಡಿ.

ಕೊನೆಗೆ ಉಳಿದದ್ದು ಐದು ಮಿಲಿಮೀಟರ್ ಪ್ಲೇಟನ್ನು ಮಡಚಿ ಮಾಡಿಸಿದ್ದು. ಇದಕ್ಕೆ ಡ್ರಾಯಿಂಗ್ ಬೇಕಿಲ್ಲ, ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೊಟ್ಟರೆ ಸಾಕು. ಕೇಳಿ ಮಾಡಿಸಬೇಕಾದದ್ದು ಬೋಲ್ಟಿನ ತೂತು. ಅದು ದುಂಡಗೆ ಬೇಡ, ಮುಂದೆ ಹಿಂದೆ ಸರಿಸಲು ಬರುವ ಹಾಗೆ ಉದ್ದಕ್ಕೆ ಇರಲಿ. ಮೌಂಟಿಂಗಿನ ಅಡಿಗೆ ಶಿಮ್ (ಎತ್ತರ ಹೊಂದಿಸುವ ತಗಡಿನ ತುಂಡು) ತುಂಬಲು ಜಾಗವೂ ಇರಲಿ. ಎಂಜಿನ್ ಮೌಂಟಿಂಗಿನಿಂದ ಬಾಲದವರೆಗೆ ಒಂದು ಮೀಟರ್ ಎಂದು ಇಟ್ಟುಕೊಂಡರೆ ಒಂದು ಡಿಗ್ರಿಗೆ ಹದಿನೇಳು ಮಿಲಿಮೀಟರ್ ಎತ್ತಬೇಕು. ನಾವು ಮೂವತ್ತು ಎತ್ತಿದೆವು, ವ್ಯತ್ಯಾಸ ಒಂದು ಡಿಗ್ರಿಯೊಳಗೆ ಬಂತು. ಹಳೆ ಎರಡಿಂಚಿನ ಶಾಫ್ಟ್ ಇನ್ನೂ ಹಾಗೇ ಇತ್ತು, ಆದರೂ ಎಂಬತ್ತರ ನಡುಕ ಅರ್ಧಕ್ಕಿಂತ ಜಾಸ್ತಿ ಹೋಯಿತು!

ಇದೇ ಪ್ಲೇಟಿನ ಮೇಲೆ ರಬ್ಬರ್ ಮೌಂಟಿಂಗ್, ಪಾಲಿಯುರೆಥೇನ್ ಬುಷ್ ಎರಡನ್ನೂ ಹಾಕಿ ನೋಡಿದೆ. ಪಾಲಿ ಹಾಕಿದಾಗ ಗೇರ್ ಬೀಳುವುದು ಗರಿಗರಿ, ಲಿವರ್ ಅಲ್ಲಾಡುವುದೇ ಇಲ್ಲ. ಆದರೆ ಮೂರನೇ ಗೇರಿನ ಕೊರಗು ನೇರವಾಗಿ ಕಿವಿಗೆ. ಪಕ್ಕದಲ್ಲಿ ಕೂತ ಹೆಂಡತಿ "ಇದು ಹಾಳಾಗಿದೆಯಾ, ರಿಪೇರಿ ಆಗಿದೆಯಾ?" ಎಂದು ಕೇಳಿದಳು. ವಾರಕ್ಕೊಮ್ಮೆ ಗುಡ್ಡೆ ಹತ್ತಿಸಿ ಖುಷಿಪಡುವವರಿಗೆ ಪಾಲಿ ಸರಿ. ಮನೆಯವರನ್ನು ಕೂರಿಸಿಕೊಂಡು ಮಂಗಳೂರಿಗೆ ಹೋಗುವವರಿಗೆ ರಬ್ಬರೇ ಸೈ. ಎಣ್ಣೆ ಸೋರಿಕೆ ಮೊದಲು ನಿಲ್ಲಿಸಿ, ಅಷ್ಟೆ. ಗೇರ್ ಆಯಿಲ್ ಬಿದ್ದರೆ ರಬ್ಬರ್ ಮೆತ್ತಗಾಗಿ ಉಬ್ಬಿ ಕೆಟ್ಟುಹೋಗುತ್ತದೆ.

ಈಗ ಶಾಫ್ಟ್. ಹಳೆಯದನ್ನು ಬಿಚ್ಚಿದಾಗ ಕ್ರಾಸಿನ ಕ್ಯಾಪ್ ಸುತ್ತ ಕಾಫಿಪುಡಿ ಬಣ್ಣದ ಧೂಳು ಇತ್ತು. ಒಳಗೆ ಗ್ರೀಸ್ ಒಣಗಿದೆ ಎಂದು ಅರ್ಥ. ಕ್ಯಾಪ್ ತೆಗೆದರೆ ಕ್ರಾಸಿನ ಕಾಲಿನ ಮೇಲೆ ಸೂಜಿ ಬೇರಿಂಗಿನ ಗೆರೆಗಳು ಸಾಲಾಗಿ ಬಿದ್ದಿದ್ದವು. ಉಗುರು ಎಳೆದರೆ ಒಂದೊಂದೂ ಸಿಕ್ಕುತ್ತಿತ್ತು.

ಎರಡಿಂಚಿನ ಪೈಪು ಯಾಕೆ ಬೇಡ ಎಂಬುದಕ್ಕೆ ಲೆಕ್ಕವೇ ಇದೆ. ಉದ್ದದ ಪೈಪು ಒಂದು ವೇಗ ಮುಟ್ಟಿದರೆ ನಡುವೆ ಬಿಲ್ಲಾಗಿ ಬಾಗಿ ತಿರುಗತೊಡಗುತ್ತದೆ. ಪೈಪು ದಪ್ಪ ಇದ್ದಷ್ಟೂ ಆ ವೇಗ ಮೇಲೆ ಹೋಗುತ್ತದೆ. ಉದ್ದ ಎರಡು ಪಟ್ಟಾದರೆ ಅದು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ನನ್ನ ಶಾಫ್ಟ್ ಕ್ರಾಸಿನಿಂದ ಕ್ರಾಸಿಗೆ ಸುಮಾರು 1.3 ಮೀಟರ್. ಎರಡಿಂಚಿನ ಸ್ಟೀಲ್ ಪೈಪಿಗೆ ಆ ಮಿತಿ ನಿಮಿಷಕ್ಕೆ 4900 ಸುತ್ತಿನ ಹತ್ತಿರ ಬರುತ್ತದೆ, ಮೂರಿಂಚಿಗೆ 7500. ಓಡಿಸುವಾಗ ಇದರ ಶೇಕಡ 70ರ ಒಳಗೆ ಇರಬೇಕು. ಕಾರು ಗಂಟೆಗೆ ನೂರು ಕಿಲೋಮೀಟರ್ ಓಡುವಾಗ ಚಕ್ರ ನಿಮಿಷಕ್ಕೆ 880 ಸುತ್ತಿನಷ್ಟು ತಿರುಗುತ್ತದೆ. ಹಿಂದಿನ ಆಕ್ಸಲಿನ ರೇಶಿಯೊ ನಾಲ್ಕು (ಚಕ್ರದ ಒಂದು ಸುತ್ತಿಗೆ ಶಾಫ್ಟಿನದು ನಾಲ್ಕು) ಎಂದು ಹಿಡಿದರೆ ಶಾಫ್ಟ್ 3500. ಎರಡಿಂಚಿನದು ನೂರಕ್ಕೇ ತನ್ನ ಮಿತಿಗೆ ಬಂದು ನಿಂತಿತು ಅಲ್ವಾ! ಮೊದಲಾದರೆ ನಮ್ಮೂರ ರಸ್ತೆಯಲ್ಲಿ ನೂರು ಯಾರಿಗೆ ಸಿಗುತ್ತಿತ್ತು? ಈಗ ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿ ಇದೆ.

ಮಧ್ಯದಲ್ಲಿ ಸೆಂಟರ್ ಬೇರಿಂಗ್ ಇರುವ ಎರಡು ತುಂಡಿನ ಶಾಫ್ಟ್ ಕೆಲ ಕಾಲ ಹಾಕಿಸಿದ್ದೆ. ಓಡುವಾಗ ಅದರಷ್ಟು ನಯ ಬೇರೆ ಯಾವುದೂ ಇಲ್ಲ, ಇದನ್ನು ಒಪ್ಪಲೇಬೇಕು. ತುಂಡುಗಳು ಗಿಡ್ಡ, ಬಾಗುವ ಮಾತೇ ಇಲ್ಲ. ಆದರೆ ಬೇರಿಂಗಿನ ಬ್ರಾಕೆಟ್ ಕೂರಿಸಬೇಕಾದದ್ದು ಟನಲ್ಲಿನ (ಕಾರಿನ ನೆಲದಲ್ಲಿ ಶಾಫ್ಟ್ ಹಾದುಹೋಗುವ ಉಬ್ಬಿನ) ತೆಳು ತಗಡಿಗೆ. ಕಂಪೆನಿ ಅದಕ್ಕೆಂದು ಬಲ ಕೊಟ್ಟಿಲ್ಲದ ಜಾಗದಲ್ಲಿ ನಾವೇ ಒಳಗಿನಿಂದ ಪಟ್ಟಿ ಕೊಡಬೇಕು. ಮೂರನೇ ಕ್ರಾಸ್ ಸೇರಿಕೊಳ್ಳುತ್ತದೆ, ಅದರ ಕೋನವನ್ನೂ ಲೆಕ್ಕ ಹಾಕಬೇಕು. ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಕೆಸರು ನೀರೆಲ್ಲ ಹಾರುವುದು ಆ ಬೇರಿಂಗಿನ ಮೇಲೆಯೇ. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಗೊರಗೊರ ಶುರುವಾಯಿತು. 1.3 ಮೀಟರಿಗೆ ಇಷ್ಟು ತಾಪತ್ರಯ ಬೇಕಾಗಿಲ್ಲ. ಒಂದೂವರೆ ಮೀಟರ್ ದಾಟಿದರೆ ಮಾತು ಬೇರೆ.

ಅಲ್ಯೂಮಿನಿಯಂ ಶಾಫ್ಟನ್ನು ನಾನು ಹಾಕಿಸಲಿಲ್ಲ, ಮಂಗಳೂರಿನ ಗೆಳೆಯನ ಕಾಂಟೆಸಾದಲ್ಲಿ ಓಡಿಸಿ ನೋಡಿದೆ. ಚೆನ್ನಾಗಿಯೇ ಇತ್ತು. ನನ್ನ ಮೂರಿಂಚಿನ ಸ್ಟೀಲಿಗಿಂತ ಚೆನ್ನಾಗಿತ್ತಾ? ನನಗಂತೂ ಗೊತ್ತಾಗಲಿಲ್ಲ. ಅಲ್ಯೂಮಿನಿಯಂ ಹಾಕಿದರೆ ಬಾಗುವ ವೇಗ ಮೇಲೆ ಹೋಗುತ್ತದೆ ಎಂದು ಹೇಳುವವರಿದ್ದಾರೆ. ಒಂದೇ ದಪ್ಪದ ಪೈಪಾದರೆ ಹೆಚ್ಚು ಕಡಿಮೆ ಎರಡೂ ಅಷ್ಟೇ. ಅಲ್ಯೂಮಿನಿಯಂ ಹಗುರ ಆದಷ್ಟೇ ಅದರ ಬಿಗಿಯೂ ಕಮ್ಮಿ. ತೂಕದ ಲೆಕ್ಕ ಹಾಕಿದರೆ ಪೈಪಿನಲ್ಲಿ ಉಳಿಯುವುದು ಒಂದೂವರೆ ಕಿಲೋದ ಆಸುಪಾಸು. ನನ್ನ ಡಿಕ್ಕಿಯಲ್ಲಿರುವ ಟೂಲ್ ಚೀಲವೇ ಅದಕ್ಕಿಂತ ಭಾರ! ಅಷ್ಟಕ್ಕೆ ಮೂರು ಪಟ್ಟು ದುಡ್ಡು ಕೇಳಿದರು. ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ, ಸ್ಟೀಲು ಒಂದನ್ನೊಂದು ಮುಟ್ಟಿಕೊಂಡಿರುವಲ್ಲಿ ಸವೆತ ಬೇಗ. ಬೇಡ.

ಹಾಗಾಗಿ ಈಗ ಕಾರಿನಡಿ ಇರುವುದು ಮೂರಿಂಚಿನ ಒಂದೇ ತುಂಡಿನ ಸ್ಟೀಲ್ ಶಾಫ್ಟ್. ಇಂಥದ್ದನ್ನು ಮಾಡಿಸುವಾಗ ಲೇತಿನವರ ಹತ್ತಿರ ಬರೀ ಉದ್ದ ಹೇಳಿ ಬರಬೇಡಿ. ಕಾರು ನಾಲ್ಕು ಚಕ್ರದ ಮೇಲೆ ನಿಂತಿರುವಾಗ ಅಳೆಯಿರಿ, ಜಾಕಿನಲ್ಲಿ ತೂಗುತ್ತಿರುವಾಗ ಅಲ್ಲ. ಸ್ಲಿಪ್ ಯೋಕನ್ನು (ಗೇರ್ ಬಾಕ್ಸಿನೊಳಗೆ ಜಾರುವ ಮುಂದಿನ ಯೋಕ್) ಪೂರ್ತಿ ಒಳಗೆ ತಳ್ಳಿ, ಇಪ್ಪತ್ತರಿಂದ ಇಪ್ಪತ್ತೈದು ಮಿಲಿಮೀಟರ್ ಹೊರಗೆ ಎಳೆದ ಜಾಗ ಲೆಕ್ಕ. ಅಷ್ಟು ಬಿಡದಿದ್ದರೆ ಗುಂಡಿಗೆ ಇಳಿದಾಗ ಯೋಕ್ ಗೇರ್ ಬಾಕ್ಸಿಗೆ ಗುದ್ದುತ್ತದೆ. ಬೆಸೆದ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ ಎಷ್ಟು ಓಲುತ್ತದೆ ಎಂದು ನೋಡಲು ಹೇಳಿ, ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಓಲಿದರೆ ನೇರ ಮಾಡಿಸಿಯೇ ಬ್ಯಾಲೆನ್ಸಿಂಗಿಗೆ ಕೊಡಿ. ಸೊಟ್ಟ ಶಾಫ್ಟಿಗೆ ತೂಕ ಅಂಟಿಸಿ ಬ್ಯಾಲೆನ್ಸ್ ತೋರಿಸುವವರೂ ಇದ್ದಾರೆ. ನನ್ನ ಹಳೆಯದರ ಮೇಲೆ ಅಂಥ ತೂಕದ ತುಂಡುಗಳು ಒಂದರ ಪಕ್ಕ ಒಂದು ಕೂತಿದ್ದವು.

ದಪ್ಪ ಪೈಪಿಗೆ ಟನಲ್ಲಿನಲ್ಲಿ ಜಾಗ ಇದೆಯಾ ಎಂದು ಹಿಂದಿನ ಸೀಟಿಗೆ ಮೂವರನ್ನು ಕೂರಿಸಿ ನೋಡಿ. ನನ್ನದರಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ಮುಟ್ಟುತ್ತಿತ್ತು, ಕ್ಲಿಪ್ಪು ಸರಿಸಬೇಕಾಯಿತು. ಮುಂದಿನ ಕ್ರಾಸಿನ ಹಿಂದೆಯೇ ಶಾಫ್ಟಿನ ಸುತ್ತ ಒಂದು ದಪ್ಪ ಪಟ್ಟಿಯ ಬಳೆಯನ್ನು ಕ್ರಾಸ್ ಮೆಂಬರಿಗೇ ಬೋಲ್ಟ್ ಹಾಕಿ ಕೂರಿಸಿದ್ದೇವೆ. ಓಡುವಾಗ ಆ ಕ್ರಾಸ್ ತುಂಡಾದರೆ ಶಾಫ್ಟಿನ ಮೂಗು ನೆಲಕ್ಕೆ ಚುಚ್ಚಿಕೊಳ್ಳುತ್ತದೆ, ಆಮೇಲೆ ಕಾರು ಏನು ಮಾಡುತ್ತದೆ ಎಂದು ನೋಡುವ ಆಸೆ ನನಗಿಲ್ಲ.

ಕ್ರಾಸ್ ಕೊಳ್ಳುವಾಗ ಸೀಲ್ ಮಾಡಿದ್ದು, ಗ್ರೀಸ್ ನಿಪ್ಪಲ್ ಇರುವುದು ಎರಡೂ ಸಿಗುತ್ತವೆ. ಗ್ರೀಸ್ ಹೋಗಲು ತೂತು ಕೊರೆದಿರುವುದಿಲ್ಲವಾದ್ದರಿಂದ ಸೀಲ್ ಮಾಡಿದ್ದು ತುಸು ಗಟ್ಟಿ. ಆದರೆ ನಮ್ಮ ಮಳೆಗೆ ನಾನು ನಿಪ್ಪಲ್ ಇರುವುದನ್ನೇ ಹಾಕಿಸಿದ್ದು. ಜೂನ್‌ಗೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಗನ್ನು ಹಿಡಿದು ನಾಲ್ಕೂ ಕ್ಯಾಪಿನಿಂದ ಹೊಸ ಗ್ರೀಸ್ ಹೊರಗೆ ಬರುವವರೆಗೆ ಒತ್ತುವುದು. ಒಂದು ಕ್ಯಾಪಿನಿಂದ ಬರದಿದ್ದರೆ ಶಾಫ್ಟನ್ನು ಸ್ವಲ್ಪ ತಿರುಗಿಸಿ, ಮೇಲೆ ಕೆಳಗೆ ಅಲ್ಲಾಡಿಸಿ ಮತ್ತೆ ಒತ್ತಿದರೆ ಬರುತ್ತದೆ.