ಮ್ಯಾಡ್ರಿಡ್‌ನ ಪ್ರಾಡೊ: ಪುಕ್ಕಟೆ ಸಂಜೆಗಿಂತ ದುಡ್ಡು ಕೊಟ್ಟ ಬೆಳಗೇ ಮೇಲು

ಸ್ಪೇನಿನ ಹೆಸರಾಂತ ಚಿತ್ರಕಲಾ ಮ್ಯೂಸಿಯಂ ಪ್ರಾಡೊಗೆ ಮೊದಲ ಸಲ ಹೋಗುವವರು ಸಂಜೆಯ ಉಚಿತ ಪ್ರವೇಶವನ್ನು ನೆಚ್ಚಿಕೊಳ್ಳಬೇಡಿ. ಸೋಮವಾರದಿಂದ ಶನಿವಾರ 6ರಿಂದ 8, ಭಾನುವಾರ 5ರಿಂದ 7 ಗಂಟೆಯವರೆಗೆ ದುಡ್ಡಿಲ್ಲ, ನಿಜ. ಆದರೆ ಸಾಲು ಅದಕ್ಕೂ ಮುಂಚೆಯೇ ಬೆಳೆದಿರುತ್ತದೆ. ಒಳಗೆ ಹೋಗುವಷ್ಟರಲ್ಲಿ ಸಿಕ್ಕಿದ್ದೇ ಎರಡು ಗಂಟೆ, ಅದರಲ್ಲೂ ಒಂದು ಪಾಲು ಕಳೆದಿರುತ್ತದೆ. ಸಾಮಾನ್ಯ ಟಿಕೆಟ್ 15 ಯೂರೊ. ಬೆಳಿಗ್ಗೆ 10ರ ಹೊತ್ತಿನದನ್ನು ವೆಬ್‌ಸೈಟಿನಲ್ಲಿ ಮೊದಲೇ ತೆಗೆದಿಟ್ಟುಕೊಳ್ಳಿ. 18 ತುಂಬದವರಿಗೂ 25ರವರೆಗಿನ ವಿದ್ಯಾರ್ಥಿಗಳಿಗೂ ಯಾವಾಗಲೂ ಉಚಿತ. ಕಾಲೇಜಿನ ಐಡಿ ಕಾರ್ಡ್ ಜೊತೆಗಿರಲಿ. ದೊಡ್ಡ ಬ್ಯಾಗುಗಳನ್ನು ಒಳಗೆ ಬಿಡುವುದಿಲ್ಲ, ಬಾಗಿಲಲ್ಲೇ ಇಟ್ಟು ಹೋಗಬೇಕು.

ಹೊಸಬರು ಎಡವುವುದು ಕೋಣೆಗಳ ನಂಬರಿನಲ್ಲಿ. 1ನೇ ಕೋಣೆ ಇರುವುದು ಮೊದಲ ಮಹಡಿಯಲ್ಲಿ, 50ರ ಸಾಲಿನವು ನೆಲಮಹಡಿಯಲ್ಲಿ. ಒಂದು, ಎರಡು ಎಂದು ವರಸೆಯಾಗಿ ನೋಡುತ್ತಾ ಹೋದವರು ಫ್ಲೆಮಿಶ್ (ಈಗಿನ ಬೆಲ್ಜಿಯಂ ಕಡೆಯ) ಚಿತ್ರಗಳ ಬಳಿ ಬರುವಾಗ ಕಾಲೂ ಸೋತಿರುತ್ತದೆ, ಕಣ್ಣೂ ಸೋತಿರುತ್ತದೆ. ಅದಕ್ಕೇ ನೆಲಮಹಡಿಯಿಂದ, 58ನೇ ಕೋಣೆಯಿಂದ ಶುರು ಮಾಡಿ. ಅಲ್ಲಿದೆ ರೋಹಿಯರ್ ವಾನ್ ಡೆರ್ ವೇಡನ್‌ನ 'ಶಿಲುಬೆಯಿಂದ ಇಳಿಸುವುದು'. ಮೂರ್ಛೆ ಹೋದ ಮೇರಿಯ ದೇಹ ಮಗನ ದೇಹದ ಬಾಗನ್ನೇ ಅನುಸರಿಸುತ್ತದೆ. ಹತ್ತಿರ ನಿಂತರೆ ಕೆನ್ನೆಯ ಮೇಲಿನ ಒಂದೊಂದು ಕಣ್ಣೀರ ಹನಿಯೂ ಬೆಳಕು ಹಿಡಿದಿರುವುದು ಕಾಣುತ್ತದೆ. ಮೇಲಿನ ಮೂಲೆಗಳಲ್ಲಿ ಪುಟ್ಟ ಅಡ್ಡಬಿಲ್ಲುಗಳಿವೆ: ಚಿತ್ರ ಬರೆಸಿದ್ದು ಲ್ಯೂವೆನ್ ಊರಿನ ಬಿಲ್ಲುಗಾರರ ಸಂಘ. ಮ್ಯೂಸಿಯಂನಲ್ಲಿ ಒಂದೇ ಒಂದು ಚಿತ್ರ ನೋಡಲು ಸಮಯವಿದ್ದರೆ ಇದನ್ನು ನೋಡಿ ಎಂದೇ ಹೇಳುತ್ತೇನೆ.

ಪಕ್ಕದಲ್ಲೇ, 56ಎ ಕೋಣೆಯಲ್ಲಿ, ಬಾಶ್‌ನ 'ಭೋಗೋದ್ಯಾನ'. ಜನ ಮುಂದಿನ ಮೂರು ಹಲಗೆ ನೋಡಿ ಹೊರಡುತ್ತಾರೆ. ಹಿಂದಕ್ಕೆ ಬನ್ನಿ: ಮಡಚುವ ಪಕ್ಕಗಳ ಬೆನ್ನ ಮೇಲೆ, ಬರೀ ಬೂದುಬಣ್ಣದಲ್ಲಿ, ಗೋಳದೊಳಗಿನ ಭೂಮಿ, ಬೈಬಲಿನ ಸೃಷ್ಟಿಕಥೆಯ ಮೂರನೇ ದಿನ.

ರಾಜಕುಮಾರಿ ಮತ್ತು ಅವಳ ಸಖಿಯರನ್ನು ವೆಲಾಸ್ಕೆಸ್ ಬರೆದ 'ಲಾಸ್ ಮೆನಿನಾಸ್' (1656) 12ನೇ ಕೋಣೆಯಲ್ಲಿದೆ. ಊರಿನವರ ಊಟದ ಹೊತ್ತಾದ ಮಧ್ಯಾಹ್ನ 2ರ ಮೇಲೆ ಗುಂಪು ಸ್ವಲ್ಪ ಕರಗುತ್ತದೆ, ಆಗ ಹೋಗಿ. ಮೊದಲು ಹತ್ತಿರ ನಿಂತು ರಾಜಕುಮಾರಿಯ ಉಡುಪು ನೋಡಿ, ಬರೀ ಬಣ್ಣದ ಗೀಚುಗಳು. ಹಾಗೇ ಹಿಂದೆ ಹಿಂದೆ ಸರಿಯಿರಿ. ಅದೇ ಗೀಚುಗಳು ರೇಷ್ಮೆ, ಜರಿ ಆಗುತ್ತವೆ. ಫೋಟೊ ತೆಗೆಯುವುದಕ್ಕೆ ಇಡೀ ಮ್ಯೂಸಿಯಂನಲ್ಲಿ ನಿಷೇಧ. ಇದು ಒಳ್ಳೆಯ ನಿಯಮ. ಚಿತ್ರದ ಮುಂದೆ ಎತ್ತಿ ಹಿಡಿದ ಫೋನುಗಳ ಗೋಡೆ ಇಲ್ಲಿ ಏಳುವುದಿಲ್ಲ.

ಒಂದು ಕೊರತೆ ಹೇಳಲೇಬೇಕು. ಪ್ರಾಡೊದ ಬುನಾದಿ ಸ್ಪೇನಿನ ರಾಜರ ಸಂಗ್ರಹ. 5ನೇ ಚಾರ್ಲ್ಸ್, 2ನೇ ಫಿಲಿಪ್ ಇವರಿಗೆ ವೆನಿಸ್ಸಿನ ಚಿತ್ರಕಾರ ಟಿಶನ್ ಎಂದರೆ ಪ್ರಾಣ, ಫಿಲಿಪ್‌ಗೆ ಬಾಶ್ ಕೂಡ. ಹಾಗಾಗಿ ಟಿಶನ್‌ನ ಚಿತ್ರಗಳು ಧಾರಾಳವಾಗಿವೆ, 15ನೇ ಶತಮಾನದ ಇಟಲಿಯ ಚಿತ್ರಗಳು ಮಾತ್ರ ಕಡಿಮೆ. ಫ್ರಾ ಆಂಜೆಲಿಕೊನ 'ದೇವದೂತನ ಸಂದೇಶ' ಇದೆ, ಅದು ಅಪೂರ್ವವಾದದ್ದು. ಆದರೆ ಫ್ಲಾರೆನ್ಸಿನ ಭಾವಚಿತ್ರ ಬೇಕೆಂದರೆ ರಸ್ತೆ ದಾಟಿ ಥೀಸೆನ್ ಮ್ಯೂಸಿಯಂಗೆ ಹೋಗಿ. ಫ್ಲಾರೆನ್ಸಿನ ಗಿರ್ಲಾಂಡಾಯೊ ಬರೆದ ಜೊವಾನ್ನಾ ತೊರ್ನಬುವೊನಿ ಎಂಬ ಹೆಣ್ಣಿನ ಭಾವಚಿತ್ರ ಅಲ್ಲಿದೆ. ಸೋಮವಾರ 12ರಿಂದ 4ರವರೆಗೆ ಅಲ್ಲಿ ಉಚಿತ. ಲಿಫ್ಟಿನಲ್ಲಿ ಮೇಲಿನ ಮಹಡಿಗೆ ಹೋಗಿ ಇಳಿಯುತ್ತಾ ನೋಡಿ. ಹಳೆಯ ಚಿತ್ರಗಳಿರುವುದು ಮೇಲೆಯೇ.