ಎಸ್‌ಡಿಆರ್ ಡಾಂಗಲ್: ಆರು ತಿಂಗಳು ಬಳಸಿದ ಮೇಲೆ

ನಾನು ಗೌರಿಬಿದನೂರಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮೂರಿನ ಹತ್ತಿರದ ವೀಕ್ಷಣಾಲಯದಲ್ಲಿ 1000 ಡೈಪೋಲ್‌ಗಳನ್ನು (ಎರಡು ತೋಳಿನ ಸರಳ ಆಂಟೆನಾ) ಟಿ ಆಕಾರದಲ್ಲಿ ಹರಡಿ, 34.5 ಮೆಗಾಹರ್ಟ್ಸ್‌ನಲ್ಲಿ ಪಲ್ಸಾರ್‌ಗಳ, ಅಂದರೆ ತಿರುಗುತ್ತಾ ರೇಡಿಯೊ ಅಲೆ ಸೂಸುವ, ಕುಸಿದು ಗಟ್ಟಿಯಾದ ನ್ಯೂಟ್ರಾನ್ ನಕ್ಷತ್ರಗಳ, ಮಿಡಿತ ಹಿಡಿದಿದ್ದರು. ಅದನ್ನು ಕೇಳಿ ಮಕ್ಕಳು "ನಾವೂ ಹಿಡಿಯೋಣ ಸಾರ್" ಅಂದರು. ಅದಕ್ಕೇ ಈ ಎಸ್‌ಡಿಆರ್, ಅಂದರೆ ಲ್ಯಾಪ್‌ಟಾಪ್‌ನ ತಂತ್ರಾಂಶದಿಂದ ನಡೆಯುವ ರೇಡಿಯೊ, ಇರುವ ಯುಎಸ್‌ಬಿ ಡಾಂಗಲ್ ತರಿಸಿದೆ. ಆರ್820ಟಿ ಎಂಬ ಟ್ಯೂನರ್ ಚಿಪ್ ಇರುವ ನೀಲಿ ಬಣ್ಣದ್ದು.

ಮಕ್ಕಳಿಗೆ ಜಾಸ್ತಿ ಹಿಡಿಸಿದ್ದು ಯಾವಾಗಲೋ ಒಮ್ಮೆ ಮಿಡಿಯುವ ನ್ಯೂಟ್ರಾನ್ ನಕ್ಷತ್ರಗಳು. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕದಿಂದ ಇಂಥ 11 ಸಿಕ್ಕ ಸುದ್ದಿ 2006ರಲ್ಲಿ ಬಂತು. ಒಂದು ಮಿಡಿತ 2ರಿಂದ 30 ಮಿಲಿಸೆಕೆಂಡ್ ಅಷ್ಟೇ. ಮುಂದಿನದಕ್ಕೆ ಸರಾಸರಿ 4 ನಿಮಿಷದಿಂದ 3 ಗಂಟೆವರೆಗೆ ಕಾಯಬೇಕು. ಬಿಡದೆ ಮಿಡಿಯುವ ಪಲ್ಸಾರ್ ಆದರೆ ಸಾವಿರಾರು ಮಿಡಿತ ಕೂಡಿಸಿ ಗದ್ದಲದಿಂದ ಮೇಲೆತ್ತಬಹುದು. ಇಲ್ಲಿ ಒಂದೊಂದನ್ನೇ ನಂಬಬೇಕು.

ಮೊದಲೇ ಹೇಳಿಬಿಡುತ್ತೇನೆ, ಈ ಡಾಂಗಲ್ ಮತ್ತು ಒಂದೇ ಡೈಪೋಲ್‌ಗೆ ಅವು ಸಿಗುವುದಿಲ್ಲ. ಆ ಆಸೆಗೆ ಕೊಳ್ಳಬೇಡಿ.

ಆದರೂ ನನಗೆ ಕೊಟ್ಟ ದುಡ್ಡು ಸಾರ್ಥಕ ಅನಿಸಿದೆ. ಟೆರೇಸ್ ಮೇಲೆ ಎರಡೂ ಕಡೆ ಸುಮಾರು 2.1 ಮೀಟರ್ ತಂತಿ ಎಳೆದು ಕಟ್ಟಿದೆವು. ಒಂದು ಸಂಜೆ ಪರದೆಯಲ್ಲಿ (ಅಡ್ಡಕ್ಕೆ ಆವರ್ತನ, ಉದ್ದಕ್ಕೆ ಸಮಯ) ಚುರುಕಾದ ಗೆರೆ ಮೂಡಿತು. "ಸಿಕ್ತು ಸಾರ್!" ಅಂತ ಕೂಗಾಟ. ಗೆರೆ ನೆಟ್ಟಗೆ ಅಡ್ಡಲಾಗಿತ್ತು, ಅಂದರೆ ಎಲ್ಲ ಆವರ್ತನಗಳೂ ಒಟ್ಟಿಗೆ ಬಂದಿವೆ. ತ್ರೀ ಫೇಸ್ ಕರೆಂಟ್ ಬಂದು ಪಕ್ಕದ ತೋಟದ ಬೋರ್‌ವೆಲ್ ಮೋಟಾರ್ ಶುರುವಾಗಿತ್ತು. ನಕ್ಷತ್ರದ್ದಾದರೆ ಗೆರೆ ಓರೆಯಾಗಿರಬೇಕು. ದಾರಿಯಲ್ಲಿನ ಎಲೆಕ್ಟ್ರಾನ್‌ಗಳು ಕಡಿಮೆ ಆವರ್ತನವನ್ನು ಜಾಸ್ತಿ ತಡಮಾಡುತ್ತವೆ. ಡಿಸ್ಪರ್ಷನ್ ಮೆಷರ್ (ದಾರಿಯಲ್ಲಿ ಒಟ್ಟು ಎಷ್ಟು ಎಲೆಕ್ಟ್ರಾನ್ ಇವೆ ಅನ್ನುವ ಅಳತೆ) 10 ಇರುವ ಪಲ್ಸಾರ್‌ನ ಮಿಡಿತಕ್ಕೆ 35.5ರಿಂದ 33.5 ಮೆಗಾಹರ್ಟ್ಸ್‌ಗೆ ಇಳಿಯಲು ಸುಮಾರು 4 ಸೆಕೆಂಡ್ ಬೇಕು. ಕೆಳಗಿನ ಆವರ್ತನದಲ್ಲಿ ಹುಡುಕುವುದು ಕಷ್ಟ ಆಗುವುದೂ ಇದರಿಂದಲೇ, ಸಿಕ್ಕಿದ್ದು ನಮ್ಮೂರಿನ ಮೋಟಾರ್ ಅಲ್ಲ ಅಂತ ಗೊತ್ತಾಗುವುದೂ ಇದರಿಂದಲೇ. ಆ ಓರೆಯನ್ನು ಮಕ್ಕಳೇ ಲೆಕ್ಕ ಹಾಕಿ ಬೋರ್ಡ್ ಮೇಲೆ ಬರೆದರು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಕೊರತೆಗಳೂ ಇವೆ. ಅರ್ಧ ಗಂಟೆಯಲ್ಲಿ ಡಾಂಗಲ್ ಚೆನ್ನಾಗಿ ಬಿಸಿಯಾಗುತ್ತದೆ. ಜೊತೆಗೆ ಬಂದ ಪುಟ್ಟ ಆಂಟೆನಾ 34 ಮೆಗಾಹರ್ಟ್ಸ್‌ಗೆ ಪ್ರಯೋಜನವಿಲ್ಲ. ಮಾರಿದವರು ಮೊದಲು ಕಳಿಸಿದ್ದರ ಕನೆಕ್ಟರ್ ಸಡಿಲವಿತ್ತು, ಬದಲಿಸಿ ಕೊಡಲು ಮೂರು ವಾರ ಸತಾಯಿಸಿದರು. ಲ್ಯಾಪ್‌ಟಾಪ್ ಚಾರ್ಜರ್ ಗದ್ದಲವಂತೂ ವಿಪರೀತ. ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ನಡೆಸಿ, ಉದ್ದದ ಯುಎಸ್‌ಬಿ ಕೇಬಲ್ ಹಾಕಿ ಡಾಂಗಲ್ಲನ್ನು ದೂರ ಇಡಿ. ತೋಟದ ಮೋಟಾರ್‌ಗಳು ನಿಂತ ಮೇಲೆ ಕೂತರೆ ಪರದೆ ತುಂಬಾ ಶಾಂತವಾಗಿರುತ್ತದೆ.