ತುಮಕೂರಿನಿಂದ ಬೆಂಗಳೂರಿನ ಸ್ಪಾಗೆ: ಎಣ್ಣೆ, ಟವೆಲ್, ಗಡಿಯಾರ

ಮಸಾಜಿಗೆ ಹೋದ ಸ್ಪಾದ ಬೋರ್ಡಿನಲ್ಲಿ ‘60 ನಿಮಿಷ’ ಅಂತಿದ್ದರೆ ಮೈಮೇಲೆ ಕೈ ಆಡುವುದು ನಲವತ್ತೈದೋ ಐವತ್ತೋ ನಿಮಿಷ. ಚಪ್ಪಲಿ ಬಿಟ್ಟು, ಕಾಲು ತೊಳೆಸಿಕೊಂಡು, ಬಟ್ಟೆ ಬದಲಿಸಿ ಮಲಗುವಷ್ಟರಲ್ಲಿ ಹತ್ತು ನಿಮಿಷ ಸರಿದಿರುತ್ತದೆ. ‘90 ನಿಮಿಷದ ಪ್ಯಾಕೇಜ್’ ಇನ್ನೂ ಜಾಣತನದ್ದು: ಅದರೊಳಗೆ ಸ್ಟೀಮು, ಸ್ನಾನ, ಕೊನೆಗೆ ಕೊಡುವ ಶುಂಠಿ ಟೀ ಎಲ್ಲವೂ ಲೆಕ್ಕಕ್ಕೆ ಸೇರಿರುತ್ತವೆ. ಹಾಗಾಗಿ ಬುಕ್ ಮಾಡುವಾಗ ಫೋನಿನಲ್ಲೇ ಕೇಳಿ: ‘ಟೇಬಲ್ ಮೇಲೆ ಎಷ್ಟು ನಿಮಿಷ?’ ನೇರ ಉತ್ತರ ಬಂದರೆ ಅರ್ಧ ಪರೀಕ್ಷೆ ಪಾಸು. ‘ಬನ್ನಿ ಸರ್, ರೇಟೆಲ್ಲ ಇಲ್ಲೇ ಮಾತಾಡೋಣ’ ಅಂದು ವಾಟ್ಸಾಪಿಗೆ ಹುಡುಗಿಯರ ಫೋಟೊ ಕಳಿಸಿದರೆ ಅದು ಸ್ಪಾ ಅಲ್ಲ, ಫೋನ್ ಇಟ್ಟುಬಿಡಿ.

ಬೆಂಗಳೂರಿನಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ದೊಡ್ಡ ಹೋಟೆಲಿನ ಸ್ಪಾದಲ್ಲಿ ಮೌನವಿದೆ, ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಿದೆ. ಆದರೆ ಅಲ್ಲಿ ದುಡ್ಡು ಕೋಣೆಗೆ, ಕೈಗಲ್ಲ. ಬಡಾವಣೆಗಳ ಎರಡನೇ ಮಹಡಿಯ ಸ್ಪಾಗಳ ಮೆನುವಿನಲ್ಲಿ ಥಾಯ್, ಸ್ವೀಡಿಷ್, ಬಾಲಿ, ಡೀಪ್ ಟಿಶ್ಯೂ ಎಲ್ಲ ಇರುತ್ತವೆ, ಮಾಡುವ ಕೈ ಮಾತ್ರ ಒಂದೇ. ಥಾಯ್ ಅಂದರೆ ನೆಲದ ಹಾಸಿಗೆಯ ಮೇಲೆ, ಸಡಿಲ ಬಟ್ಟೆ ಹಾಕಿಸಿ, ಎಣ್ಣೆಯಿಲ್ಲದೆ ಎಳೆದು ಒತ್ತುವುದು. ಥಾಯ್ ಕೇಳಿದಾಗ ಟೇಬಲ್ ತೋರಿಸಿ ಎಣ್ಣೆ ಬಾಟಲಿ ತೆಗೆದರೆ ಉಳಿದದ್ದನ್ನು ಊಹಿಸಬಹುದು. ಮೂರನೆಯದು ಮಲ್ಲೇಶ್ವರ, ರಾಜಾಜಿನಗರದ ಕಡೆ ಸಿಗುವ ಕೇರಳ ಶೈಲಿಯ ಆಯುರ್ವೇದ ಕೇಂದ್ರಗಳು. ಗೋಡೆಗೆ ಬಣ್ಣ ಹೋಗಿರಬಹುದು, ಹಾಡು ಕಿರಿಕಿರಿ ಅನ್ನಿಸಬಹುದು. ಆದರೂ ನಮ್ಮ ಮತ ಇವಕ್ಕೇ. ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಎಂಬುದು ಅಲ್ಲಿ ಕೇಳಬೇಕಾದ ಮಾತೇ ಅಲ್ಲ, ಒಳಗೆ ಒಬ್ಬ ವೈದ್ಯರೂ ಕೂತಿರುತ್ತಾರೆ.

ನೋಡಬೇಕಾದ ಮೊದಲ ವಸ್ತು ಎಣ್ಣೆ. ಧಾನ್ವಂತರ, ಕ್ಷೀರಬಲ, ಮಹಾನಾರಾಯಣ ಮೂರೂ ಎಳ್ಳೆಣ್ಣೆಯಲ್ಲಿ ಕಾಯಿಸಿದ ತೈಲಗಳು. ಇಡೀ ಮೈಗೆ ಸರಿಯಾಗಿ ಹಚ್ಚಲು 150ರಿಂದ 200 ಮಿಲಿ ಬೇಕು. 50 ಮಿಲಿಯಲ್ಲಿ ಮುಗಿಸಿದರೆ ಚರ್ಮ ಉಜ್ಜಿ ಉರಿಯುತ್ತದೆ, ಎದೆ ಮತ್ತು ಕಾಲಿನ ರೋಮ ಎಳೆದ ಹಾಗಾಗುತ್ತದೆ. ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಬೆಚ್ಚಗೆ ಮಾಡಬೇಕು. ನೇರವಾಗಿ ಸ್ಟವ್ ಮೇಲಿಟ್ಟರೆ ತಳದ ಎಣ್ಣೆ ಸುಡುತ್ತದೆ, ಮೇಲಿನದು ತಣ್ಣಗಿರುತ್ತದೆ. ಕೆಲಸ ಬಲ್ಲವರು ಮೊದಲ ಹನಿಯನ್ನು ತಮ್ಮ ಮಣಿಕಟ್ಟಿಗೆ ಬಿಟ್ಟು ನೋಡಿ ಆಮೇಲೆ ಬೆನ್ನಿಗೆ ಸುರಿಯುತ್ತಾರೆ. ತಿಪಟೂರಿನ ಕೊಬ್ಬರಿ ನೋಡಿ ಬೆಳೆದ ಮೂಗಿಗೆ ಎಣ್ಣೆಯ ಕಮಟು ವಾಸನೆ ಯಾರೂ ಹೇಳಿಕೊಡಬೇಕಿಲ್ಲ. ಆ ವಾಸನೆ ಬಂದರೆ ಎಣ್ಣೆ ಹಳೆಯದು, ಇಲ್ಲವೇ ಟವೆಲ್ ತಣ್ಣೀರಲ್ಲಿ ಒಗೆದದ್ದು. ಎಣ್ಣೆಯ ವಾಸನೆಯೇ ಇಲ್ಲದೆ ಬರೀ ಸೆಂಟು ಹೊಡೆಯುತ್ತಾ, ಎಷ್ಟು ತಿಕ್ಕಿದರೂ ಚರ್ಮದ ಮೇಲೇ ಜಾರುತ್ತಿದ್ದರೆ ಅದು ಪೆಟ್ರೋಲಿಯಂನಿಂದ ತೆಗೆದ ಮಿನರಲ್ ಆಯಿಲ್ ಇರಬಹುದು. ಬಾಟಲಿಯ ಲೇಬಲ್ ತೋರಿಸಿ ಅನ್ನುವುದರಲ್ಲಿ ಸಂಕೋಚ ಬೇಡ.

ಬಟ್ಟೆ ಬದಲಿಸುವ ಮುಂಚೆ ಟೇಬಲ್ ಒಮ್ಮೆ ನೋಡಿ. ಮುಖ ಇಡುವ ತೂತಿಗೆ ಹೊಸ ಕವರ್ ಇದೆಯೇ, ಕಣಕಾಲಿನ ಕೆಳಗೆ ಇಡಲು ಉರುಟು ದಿಂಬು ಇದೆಯೇ? ದಿಂಬಿಲ್ಲದೆ ಬೋರಲು ಮಲಗಿದರೆ ಸೊಂಟ ಹಿಡಿದುಕೊಳ್ಳುತ್ತದೆ. ನೋವು ಕಳೆಯಲು ಹೋಗಿ ನೋವು ಕೊಂಡು ತಂದ ಹಾಗೆ. ಆಯುರ್ವೇದ ಕೇಂದ್ರದಲ್ಲಿ ಮಲಗಿಸಿ ಎಣ್ಣೆ ಹಚ್ಚುವ ಮರದ ಹಲಗೆ, ಅಂದರೆ ದ್ರೋಣಿ, ಗಟ್ಟಿ, ಎಣ್ಣೆ ಬಿದ್ದ ಮೇಲೆ ಜಾರು. ವಯಸ್ಸಾದವರು ಕೈ ಹಿಡಿಸಿಕೊಂಡೇ ಇಳಿಯಬೇಕು, ಕೆಳಗೆ ರಬ್ಬರ್ ಮ್ಯಾಟ್ ಇರಲೇಬೇಕು. ಎಣ್ಣೆ ಹಚ್ಚುವಾಗ ಎಸಿ ಆಫ್. ಬೆನ್ನುಮೂಳೆಯ ಮೇಲೆ, ಮಂಡಿಯ ಹಿಂದಿನ ಗುಳಿಯಲ್ಲಿ, ಕುತ್ತಿಗೆಯ ಮುಂಭಾಗದಲ್ಲಿ ಬಲವಾಗಿ ಒತ್ತಿದರೆ ತಕ್ಷಣ ನಿಲ್ಲಿಸಿ. ‘ನೋವಾದರೇ ವಾಸಿಯಾಗೋದು’ ಅನ್ನುವುದು ಕೆಲಸ ಕಲಿಯದವರ ಸಮಜಾಯಿಷಿ.

ಸ್ಟೀಮ್ ಹತ್ತು ನಿಮಿಷ ಸಾಕು. ತಲೆ ಹೊರಗಿರುವ ಪೆಟ್ಟಿಗೆಯಾದರೆ ಒಳ್ಳೆಯದು. ಬಿಪಿ ಹೆಚ್ಚಿರುವವರು, ಹೃದಯದ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಒಳಗೆ ಹೋಗಬಾರದು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ ಮಸಾಜಿಗೂ ಅದೇ ಮಾತು. ಇನ್ನು ನಮ್ಮ ತುಮಕೂರು ಕಡೆಯವರ ದೊಡ್ಡ ತಪ್ಪು ಒಂದಿದೆ: ಹೊರಡುವಾಗ ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ಬಾರಿಸಿ ಸೀದಾ ಹೋಗಿ ಬೋರಲು ಮಲಗುವುದು. ತಿಂದು ಎರಡು ಗಂಟೆ ಆಗಿರಲಿ. ನೀವು ವಾಪಸ್ ಬರುವಾಗಲೂ ಇಡ್ಲಿ ಕ್ಯಾತ್ಸಂದ್ರದಲ್ಲೇ ಇರುತ್ತದೆ.

ದುಡ್ಡಿನ ವಿಷಯ. 2025ರ ಸೆಪ್ಟೆಂಬರ್ 22ರಿಂದ ಸಲೂನ್, ಹೆಲ್ತ್ ಕ್ಲಬ್ಬಿನಂಥ ಸೇವೆಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಇನ್ನೂ 18 ಹಾಕಿದ್ದರೆ ಯಾಕೆ ಅಂತ ಕೇಳಿ. ಮಸಾಜ್ ಮುಗಿದು ಮೈ ಹಗುರಾಗಿ ಕೂತಾಗಲೇ ಮೆಂಬರ್‌ಶಿಪ್ ಮಾತು ತೆಗೆಯುತ್ತಾರೆ: ಈಗ ಹತ್ತು ಸಾವಿರ ಕಟ್ಟಿ, ಹದಿನೈದು ಸಾವಿರದ ಸೇವೆ ಪಡೆಯಿರಿ. ತಿಂಗಳಿಗೊಮ್ಮೆಯೂ ಬೆಂಗಳೂರಿಗೆ ಹೋಗದವರಿಗೆ ಅದು ಅವಧಿ ಮೀರಿ ಮುಳುಗುವ ದುಡ್ಡು. ಬ್ರಾಂಚೇ ಮುಚ್ಚಿದರೆ ಕೇಳುವವರೂ ಇಲ್ಲ.

ಹೋಗುವುದಾದರೆ ವಾರದ ಮಧ್ಯೆ, ಬೆಳಗಿನ ಮೊದಲ ಸ್ಲಾಟ್. ಸಂಜೆ ಆರರ ಹೊತ್ತಿಗೆ ಅದೇ ಥೆರಪಿಸ್ಟ್ ನಾಲ್ಕೈದು ಮೈ ತಿಕ್ಕಿ ಸೋತಿರುತ್ತಾರೆ, ಕೊನೆಯ ಕಾಲು ಗಂಟೆ ಬರೀ ಸವರಾಟ. ಬಸ್ಸು ಪೀಣ್ಯ ಫ್ಲೈಓವರ್ ಮೇಲೆ ಹೋದರೆ ಗೊರಗುಂಟೆಪಾಳ್ಯದಲ್ಲಿ ಇಳಿದು ಹಸಿರು ಮೆಟ್ರೊ ಹಿಡಿಯಿರಿ. ರಾಜಾಜಿನಗರಕ್ಕೂ, ಮಲ್ಲೇಶ್ವರಕ್ಕೆ ಹತ್ತಿರದ ಸಂಪಿಗೆ ರಸ್ತೆಗೂ ಅದೇ ಲೈನು. ಕಾರಿನಲ್ಲಿ ಹೋದವರು ಯಶವಂತಪುರ ದಾಟುವಷ್ಟರಲ್ಲೇ ಸಾಕುಸಾಕಾಗಿರುತ್ತಾರೆ.

ತಲೆಗೂ ಎಣ್ಣೆ ಹಾಕಿಸಿಕೊಳ್ಳುವವರು ಮನೆಯಿಂದ ಒಂದು ಪೊಟ್ಟಣ ಸೀಗೆಪುಡಿ ಒಯ್ಯಿರಿ. ಅಲ್ಲಿ ಕೊಡುವ ಒಂದು ಸ್ಯಾಷೆ ಶಾಂಪೂಗೆ ಎಳ್ಳೆಣ್ಣೆ ಜಗ್ಗುವುದಿಲ್ಲ. ಕೂದಲಿಗೆ ನೀರು ಸೋಕಿಸುವ ಮೊದಲೇ ಪುಡಿಯನ್ನು ಸ್ವಲ್ಪ ನೀರಲ್ಲಿ ಕಲಸಿ ಎಣ್ಣೆಯ ಮೇಲೇ ತಿಕ್ಕಬೇಕು, ಆಮೇಲೆ ಬಿಸಿನೀರು. ಬಚ್ಚಲ ಜಾಲರಿ ಕಟ್ಟಿಕೊಳ್ಳುತ್ತದೆ ಅಂತ ಕೆಲವು ಕಡೆ ಬೇಡ ಅನ್ನುತ್ತಾರೆ. ಅಂಥಲ್ಲಿ ಹಳೆಯ ಹತ್ತಿ ಟವೆಲ್ಲಿನಲ್ಲಿ ತಲೆ ಕಟ್ಟಿಕೊಂಡು ಬಸ್ಸಿನ ಕಿಟಕಿ ಮುಚ್ಚಿಕೊಂಡು ಬಂದು ಮನೆಯಲ್ಲೇ ನೀರು ಹಾಕಿಕೊಳ್ಳುವುದು ವಾಸಿ.